ದಂಡಿನಜ್ಜನಿಗೆ ಒಂದು ಲೋಟ ಕಷಾಯ

ಊರಿನ ಮನೆಯ ದೇವರಗೂಡಿನಲ್ಲಿ ಒಂದು ಕಂಚಿನ ಬಿಲ್ಲೆ ಇದೆ. ದುಂಡಗೆ, ಅಂಗೈಗಿಂತ ಸ್ವಲ್ಪ ದೊಡ್ಡದು. ತ್ರಿಶೂಲ ಹಿಡಿದು ನಿಂತ ಒಬ್ಬ ಹೆಂಗಸು, ಪಕ್ಕದಲ್ಲಿ ಸಿಂಹ. ಚಿಕ್ಕಂದಿನಿಂದ ನಾವೆಲ್ಲ ಅದನ್ನು ಚಾಮುಂಡಿ ಅಂತಲೇ ಅಂದುಕೊಂಡಿದ್ದೆವು. ಮನೆಯಲ್ಲಿ ಅದಕ್ಕೆ ದಂಡಿನಮ್ಮ ಅಂತ ಹೆಸರು. ದಿನಾ ಕುಂಕುಮ, ಶುಕ್ರವಾರ ಒಂದು ಹೂವು. ನೂರು ವರ್ಷದ ಅರಿಶಿನ, ಕುಂಕುಮ, ಎಣ್ಣೆ ಜಿಡ್ಡು ಸೇರಿ ದೇವಿಯ ಮುಖವೇ ಕಾಣುತ್ತಿರಲಿಲ್ಲ.

ದಂಡಿನಮ್ಮ ಬಂದದ್ದು ದಂಡಿನಜ್ಜನ ಕಡೆಯಿಂದ ಅನ್ನುವುದು ಗೊತ್ತಿತ್ತು. ದಂಡಿನಜ್ಜ ಅಂದರೆ ನಮ್ಮಪ್ಪನ ಅಜ್ಜ. ಹೊಸಕೋಟೆ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಹೋಗಿ, ಮೈಸೂರು ಮಹಾರಾಜರ ಕುದುರೆ ಪಡೆಗೆ ಸೇರಿ, 1914ರಲ್ಲಿ ಹಡಗು ಹತ್ತಿ ಹೋದವರು ವಾಪಸ್ ಬರಲಿಲ್ಲ. ಅವರು ಹೋದಾಗ ನಮ್ಮ ಮುತ್ತಜ್ಜಿ ಬಸುರಿ. ತಾತ ಹುಟ್ಟಿದ್ದು ಆಮೇಲೆ. ಅಪ್ಪ, ಮಗ ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ.

ಅವರ ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಮುತ್ತಜ್ಜಿ ಗಂಡನ ಹೆಸರು ಹೇಳುವ ಹಾಗಿಲ್ಲ. ತಾತನೂ ಅಪ್ಪನ ಹೆಸರು ಹಿಡಿದು ಮಾತಾಡುವವರಲ್ಲ. ನಮ್ಮಪ್ಪನಿಗೆ ಅದೇ ಹೆಸರು ಇಟ್ಟರು. ಆದರೆ ಆ ಹೆಸರಿನಿಂದ ಕೂಗಲು ಮುತ್ತಜ್ಜಿಗೆ ನಾಲಿಗೆ ಬರಬೇಕಲ್ಲ! ಹಾಗಾಗಿ ಅಪ್ಪ ಎಪ್ಪತ್ತು ದಾಟಿದರೂ ಊರಲ್ಲಿ ಪುಟ್ಟನೇ. ಅಪ್ಪನಿಗೆ ತಮ್ಮ ಹೆಸರು ಎಲ್ಲೆಂದರಲ್ಲಿ ಬರೆಯುವುದು ಇಷ್ಟವಿಲ್ಲ. ಅದಕ್ಕೆ ನಾನೂ ಇಲ್ಲಿ ದಂಡಿನಜ್ಜ ಅಂತಲೇ ಬರೆಯುತ್ತೇನೆ.

ಸತ್ತ ದಿನ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆಯ ದಿನ ಎಡೆ ಇಡುತ್ತಾರಲ್ವಾ, ದಂಡಿನಜ್ಜನಿಗೂ ಹಾಗೇ. ಪಕ್ಷದ ದಿನ ಹಿರಿಯರಿಗೆಲ್ಲ ಸಾಲಾಗಿ ಬಾಳೆಲೆ. ಮುದ್ದೆ, ಸಾರು, ವಡೆ, ಕಜ್ಜಾಯ. ದಂಡಿನಜ್ಜನ ಎಲೆ ಕೊನೆಯದು. ಅದರ ಪಕ್ಕ ಮಾತ್ರ ಎರಡು ವಸ್ತು ಜಾಸ್ತಿ. ಒಂದು ಲೋಟ ಮೆಣಸಿನ ಕಷಾಯ. ಮಡಿಸಿಟ್ಟ ಒಂದು ಕರೀ ಕಂಬಳಿ. ಯಾಕೆ ಅಂತ ನಾವು ಕೇಳಿದವರಲ್ಲ. ಒಬ್ಬೊಬ್ಬರಿಗೆ ಒಂದೊಂದು ಇಷ್ಟ. ಇನ್ನೊಬ್ಬ ಅಜ್ಜನ ಎಲೆ ಪಕ್ಕ ಬೀಡಿ ಕಟ್ಟು ಇಡುತ್ತಿದ್ದೆವು.

ಅವರು ಹೇಗೆ ಸತ್ತರು ಅಂದರೆ ತಾತ ಒಂದೇ ಮಾತು ಹೇಳುತ್ತಿದ್ದರಂತೆ. ಈಟಿ ಹಿಡಿದು ಕುದುರೆ ಮೇಲೆ ಹೋಗುವಾಗ ಗುಂಡು ಬಿತ್ತು ಅಂತ. ತಾತನ ಕಾಲದಲ್ಲಿ ಯಾವ ಯುದ್ಧ, ಯಾವ ಊರು ಅಂತ ಯಾರಿಗೂ ಗೊತ್ತಿರಲಿಲ್ಲ. ಮಿಸರ ದೇಶ, ಅಂದರೆ ಈಜಿಪ್ಟ್, ಅನ್ನುತ್ತಿದ್ದರು, ಅಷ್ಟೇ. ಹೈಫಾ ಅನ್ನುವ ಹೆಸರು ನಮಗೆ ಸಿಕ್ಕಿದ್ದು ಪೇಪರಿನಲ್ಲಿ. ಈಗಿನ ಇಸ್ರೇಲಿನ ಒಂದು ಬಂದರು ಪಟ್ಟಣ ಅದು. 2018ರಲ್ಲಿ ಅಲ್ಲಿನ ಯುದ್ಧಕ್ಕೆ ನೂರು ವರ್ಷ ತುಂಬಿತು. ದೆಹಲಿಯ ತೀನ್ ಮೂರ್ತಿ ಚೌಕಕ್ಕೆ ಹೈಫಾ ಹೆಸರು ಸೇರಿಸಿದರು. ಅಲ್ಲಿ ನಿಂತಿರುವ ಮೂರು ಮೂರ್ತಿಗಳು ಹೈದರಾಬಾದ್, ಜೋಧಪುರ, ಮೈಸೂರಿನ ಈಟಿ ಹಿಡಿದ ಸವಾರರದ್ದು, ಅಂದರೆ ಲ್ಯಾನ್ಸರ್‌ಗಳದ್ದು ಅಂತ ಆಗ ಓದಿದೆ. ಜೋಧಪುರದವರೂ ಮೈಸೂರಿನವರೂ ಸೇರಿ 1918ರ ಸೆಪ್ಟೆಂಬರ್ 23ರಂದು ಈಟಿ ಹಿಡಿದು ನುಗ್ಗಿ ತುರ್ಕರಿಂದ ಹೈಫಾ ಪಟ್ಟಣ ಗೆದ್ದರು. ಮಷಿನ್‌ಗನ್ನುಗಳಿಗೆ ಎದುರಾಗಿ ಕುದುರೆಗಳು!

ಓದಿದ ತಕ್ಷಣ ನಾನು ತೀರ್ಮಾನ ಮಾಡಿಬಿಟ್ಟೆ. ಈಟಿ, ಕುದುರೆ, ಗುಂಡು. ಇನ್ನೇನು ಬೇಕು? ನಮ್ಮ ದಂಡಿನಜ್ಜ ಸತ್ತದ್ದು ಹೈಫಾದಲ್ಲಿ. ಮಗಳ ಶಾಲೆಯಲ್ಲಿ ಒಂದು ಸಲ ಮನೆಯ ಹಿರಿಯರ ಬಗ್ಗೆ ಹೇಳಲು ಕರೆದಾಗ ಅದನ್ನೇ ಹೇಳಿ ಬಂದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಬಿಲ್ಲೆ ತೊಳೆದದ್ದು 2022ರ ಆಯುಧಪೂಜೆಗೆ. ಊರಿನ ಮನೆಗೆ ಸುಣ್ಣ ಹೊಡೆಸುವಾಗ ದೇವರಗೂಡಿನ ಸಾಮಾನೆಲ್ಲ ಹೊರಗೆ ಬಂತು. ಹುಣಸೆಹಣ್ಣು ನೆನೆಸಿ ನಾನೇ ಉಜ್ಜಲು ಕೂತೆ. ಜಿಡ್ಡು ಪದರ ಪದರವಾಗಿ ಬಿಟ್ಟಿತು. ಮೊದಲು ಸಿಂಹದ ಬಾಲ. ಆಮೇಲೆ ಹೆಂಗಸಿನ ತಲೆಯ ಶಿರಸ್ತ್ರಾಣ. ಕಿರೀಟ ಅಲ್ಲ, ಶಿರಸ್ತ್ರಾಣ. ಎಡಗೈಯಲ್ಲಿ ಎಲೆಯ ಹಾರ. ಎರಡು ಮೀನು. ಕೆಳಗೆ ಇನ್ನೊಂದು ಸಣ್ಣ ಸಿಂಹ, ಅದು ಹದ್ದನ್ನು ಕಚ್ಚಿ ಹಿಡಿದಿದೆ. ಅಂಚಿನ ಸುತ್ತ ಇಂಗ್ಲಿಷ್ ಅಕ್ಷರ. ದೊಡ್ಡ ಸಿಂಹದ ತಲೆಯ ಮೇಲೆ ಒಂದು ಪುಟ್ಟ ಚೌಕ, ಅದರ ತುಂಬ ಗಟ್ಟಿಯಾದ ಕುಂಕುಮ. ಬೆಂಕಿಕಡ್ಡಿ ತುದಿಯಿಂದ ಒಂದೊಂದೇ ಅಕ್ಷರದ ಸಂದಿ ಬಿಡಿಸಿದೆ. ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಿದ್ದರು. ನಾಲ್ಕನೇ ಅಕ್ಷರ ಬರುವ ಹೊತ್ತಿಗೆ ಅಪ್ಪ ಎದ್ದು ನಿಂತರು. "ಇದು ನನ್ ಹೆಸರಲ್ವೇನೋ" ಅಂದರು.

ಅದು ದೇವಿ ಅಲ್ಲ. ಬ್ರಿಟಾನಿಯಾ, ಬ್ರಿಟನ್ ದೇಶವನ್ನೇ ಹೆಂಗಸಿನ ರೂಪದಲ್ಲಿ ತೋರಿಸುವ ಚಿತ್ರ. ಮೊದಲ ಮಹಾಯುದ್ಧದಲ್ಲಿ ಸತ್ತವರ ಮನೆಗೆ ಬ್ರಿಟಿಷ್ ಸರ್ಕಾರ ಕಳಿಸುತ್ತಿದ್ದ ಕಂಚಿನ ಫಲಕ. 12 ಸೆಂಟಿಮೀಟರ್ ಅಗಲ. ಹದಿಮೂರು ಲಕ್ಷಕ್ಕೂ ಜಾಸ್ತಿ ಫಲಕ ಮಾಡಿಸಿದ್ದರಂತೆ. ಅಂಚಿನಲ್ಲಿ ಬರೆದದ್ದು 'ಸ್ವಾತಂತ್ರ್ಯಕ್ಕಾಗಿ, ಗೌರವಕ್ಕಾಗಿ ಪ್ರಾಣ ಬಿಟ್ಟವನು' ಅನ್ನುವ ಅರ್ಥದ ಮಾತು. ಚೌಕದಲ್ಲಿ ಹೆಸರು ಮಾತ್ರ. ದೊಡ್ಡ ಅಧಿಕಾರಿಯಾದರೂ ಸವಾರನಾದರೂ ಹುದ್ದೆ ಬರೆಯುತ್ತಿರಲಿಲ್ಲ. ನನಗೆ ಅದು ಬಹಳ ಹಿಡಿಸಿತು.

ಅವತ್ತಿನಿಂದ ಹುಡುಕಾಟ ಶುರು.

ಇಂಥ ಹುಡುಕಾಟ ಯಾರಾದರೂ ಮಾಡುವುದಿದ್ದರೆ ಮೊದಲು ನೋಡಬೇಕಾದದ್ದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟು. 1917ರಲ್ಲಿ ಶುರುವಾದ ಸಂಸ್ಥೆ. ಸತ್ತವರ ಹೆಸರು, ಪಡೆ, ದಿನಾಂಕ, ಸಮಾಧಿ ಅಥವಾ ಸ್ಮಾರಕ ಎಲ್ಲಿದೆ ಅನ್ನುವುದು ಅಲ್ಲಿ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ. ಆದರೆ ನಮ್ಮ ಹೆಸರುಗಳ ಪಾಡು ಬೇಡ. ಬರೆದುಕೊಂಡವನಿಗೆ ಕಿವಿಗೆ ಬಿದ್ದ ಹಾಗೆ ಬರೆದಿದ್ದಾನೆ. ಕೊನೆಯ 'ಪ್ಪ' ಒಮ್ಮೆ ಒಂಟಿ ಪಿ, ಒಮ್ಮೆ ಜೋಡಿ ಪಿ, ಒಮ್ಮೆ ಇಲ್ಲವೇ ಇಲ್ಲ. ನಾವು ಎ ಹಾಕುವ ಕಡೆ ಅವನು ಯು ಹಾಕಿದ್ದಾನೆ. ಫಲಕದಲ್ಲಿದ್ದ ಕಾಗುಣಿತವನ್ನೇ ಹಾಕಿ ಹುಡುಕಿದರೂ ಸಿಗಲಿಲ್ಲ. ಎರಡು ವಾರ ರಾತ್ರಿ ಊಟ ಆದ ಮೇಲೆ ಅದೇ ಕೆಲಸ. ಹೆಂಡತಿ ಒಂದು ದಿನ ಬಂದು, "ಹೆಸರು ಬಿಟ್ಟು ಪಡೆ ಹಾಕಿ ನೋಡಿ" ಅಂದಳು. ಅದು ನನಗೆ ಹೊಳೆದೇ ಇರಲಿಲ್ಲ. ಮೈಸೂರು ಲ್ಯಾನ್ಸರ್ಸ್ ಅಂತ ಹಾಕಿ, ಬಂದ ಹೆಸರುಗಳನ್ನೆಲ್ಲ ಒಂದೊಂದಾಗಿ ಬಾಯಿಬಿಟ್ಟು ಓದುತ್ತಾ ಹೋದೆ. ಕಣ್ಣಿಗೆ ಕಾಣದ್ದು ಕಿವಿಗೆ ಸಿಕ್ಕಿತು. ಓದಿದಾಗ ಅದು ಅಪ್ಪನ ಹೆಸರೇ. ತಂದೆಯ ಹೆಸರೂ ಇತ್ತು. ಊರಿನ ಹೆಸರಿನಲ್ಲಿ 'ಹಳ್ಳಿ' ಇದ್ದದ್ದು 'ಹುಲ್ಲಿ' ಆಗಿತ್ತು.

ಸವಾರ. ಮೈಸೂರು ಲ್ಯಾನ್ಸರ್ಸ್. ಹೀಲಿಯೊಪೊಲಿಸ್ ಪೋರ್ಟ್ ತೌಫೀಕ್ ಸ್ಮಾರಕ, ಈಜಿಪ್ಟ್. ಸತ್ತದ್ದು 1918ರ ಅಕ್ಟೋಬರ್, ಎರಡನೇ ವಾರ.

ದಿನಾಂಕ ನೋಡಿ ಸುಮ್ಮನೆ ಕೂತೆ. ಹೈಫಾ ಯುದ್ಧ ನಡೆದದ್ದು ಸೆಪ್ಟೆಂಬರ್ 23. ಇವರು ಅದಾಗಿ ಎರಡು ವಾರದ ಮೇಲೆ ಬದುಕಿದ್ದಾರೆ. ಲ್ಯಾನ್ಸರ್‌ಗಳ ಮುಂದಿನ ದೊಡ್ಡ ಕಾಳಗ ಅಂದರೆ ಅಲೆಪ್ಪೊ ಹತ್ತಿರದ ಹರಿತಾನ್. ಅದು ಅಕ್ಟೋಬರ್ 26. ಹಾಗಾದರೆ ನಡುವೆ ಏನಾಯಿತು? ಗಾಯವಾಗಿ ಆಸ್ಪತ್ರೆಯಲ್ಲಿ ತೀರಿಕೊಂಡರೇ? ಕಮಿಷನ್ನಿನ ದಾಖಲೆಯಲ್ಲಿ ಸಾವಿನ ಕಾರಣ ಇರುವುದಿಲ್ಲ. ಹೈಫಾದಲ್ಲಿ ಎಂಟು ಜನ ಸತ್ತರು, 34 ಜನಕ್ಕೆ ಗಾಯ ಆಯಿತು ಅಂತ ಓದಿದ್ದೆ. ಆ 34ರಲ್ಲಿ ಒಬ್ಬರು ಇರಬಹುದು ಅಂದುಕೊಂಡೆ. ನಿಜ ಹೇಳಬೇಕೆಂದರೆ, ಹಾಗೇ ಇರಲಿ ಅಂತ ಆಸೆಪಟ್ಟೆ.

ಪೋರ್ಟ್ ತೌಫೀಕ್ ಅಂದರೆ ಸೂಯೆಜ್ ಕಾಲುವೆಯ ದಕ್ಷಿಣದ ತುದಿ. ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ ಸತ್ತ, ಸಮಾಧಿ ಇಲ್ಲದ ಸುಮಾರು ನಾಲ್ಕು ಸಾವಿರ ಭಾರತೀಯ ಸೈನಿಕರಿಗಾಗಿ 1926ರಲ್ಲಿ ಅಲ್ಲಿ ಸ್ಮಾರಕ ಕಟ್ಟಿದರು. ಸುಟ್ಟ ಹಿಂದೂ ಸೈನಿಕರಿಗೆ ಸಮಾಧಿ ಎಲ್ಲಿಂದ ಬರಬೇಕು, ಅವರ ಹೆಸರು ಇಂಥ ಸ್ಮಾರಕಗಳಿಗೇ ಸೇರುತ್ತಿತ್ತು. ಹಡಗಿನಲ್ಲಿ ಕಾಲುವೆ ದಾಟುವವರಿಗೆಲ್ಲ ಕಾಣುವ ಜಾಗ. ಎರಡು ಹುಲಿಗಳ ವಿಗ್ರಹ ಬೇರೆ ಇದ್ದವು. ಆಮೇಲೆ ಈಜಿಪ್ಟಿಗೂ ಇಸ್ರೇಲಿಗೂ ಯುದ್ಧವಾಗಿ ಅದು ಹಾಳಾಯಿತು, ಕೆಡವಬೇಕಾಯಿತು. 1980ರಲ್ಲಿ ಕೈರೋದ ಹೀಲಿಯೊಪೊಲಿಸ್ ಸ್ಮಶಾನದಲ್ಲಿ ಹೊಸದು ಮಾಡಿದರು. ಒಂದು ಯುದ್ಧದಲ್ಲಿ ಸತ್ತವರ ಸ್ಮಾರಕ ಇನ್ನೊಂದು ಯುದ್ಧದಲ್ಲಿ ಸತ್ತುಹೋಯಿತು ಅಂತ ಅಪ್ಪನಿಗೆ ಹೇಳಿದೆ. ಅಪ್ಪ ಏನೂ ಮಾತಾಡಲಿಲ್ಲ.

ಕಾರಣ ಹುಡುಕುವುದಕ್ಕೆ ವರ್ಷ ಹಿಡಿಯಿತು. ಒಂದು ಕಚೇರಿಯಲ್ಲಿ ಅಂಥ ಕಾಗದ ಇಲ್ಲವೇ ಇಲ್ಲ ಅಂದರು. ಇನ್ನೊಂದು ಕಡೆ ಮೂರು ಸಲ ಅರ್ಜಿ ಕೊಟ್ಟೆ, ಮೂರು ಸಲವೂ ಉತ್ತರ ಇಲ್ಲ. ಆ ಅಲೆದಾಟದ ಕಥೆ ಬೇಡ. ಮೈಸೂರು ಲ್ಯಾನ್ಸರ್ಸ್ ಬ್ರಿಟಿಷರ ನೇರ ಪಡೆ ಅಲ್ಲ, ಮಹಾರಾಜರ ಪಡೆ. ಹಾಗಾಗಿ ಮೈಸೂರು ಸರ್ಕಾರದ ಕಡತಗಳನ್ನೇ ನೋಡಬೇಕು ಅಂತ ಹೇಳಿದವರು ಒಬ್ಬ ನಿವೃತ್ತ ಇತಿಹಾಸ ಮೇಷ್ಟ್ರು. ಅವರ ಮಾತು ಕೇಳಿ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋದೆ. ಸೂಚಿ ಪುಸ್ತಕ ತಿರುವುವುದೇ ಎರಡು ದಿನದ ಕೆಲಸ. ಮೂರನೇ ದಿನ ಒಂದು ಕಡತ ಮೇಜಿನ ಮೇಲೆ ಬಂತು. ಸತ್ತ ಸಿಪಾಯಿಗಳ ಮನೆಯವರಿಗೆ ಪಿಂಚಣಿ ಕೊಡುವ ವಿಚಾರ. ಕಾಗದ ಕಂದು ಬಣ್ಣಕ್ಕೆ ತಿರುಗಿತ್ತು, ಅಂಚು ಮುಟ್ಟಿದರೆ ಪುಡಿ. ಒಳಗೆ ಟೈಪು ಮಾಡಿದ ಪಟ್ಟಿ. ಹೆಸರು, ಊರು, ದಿನಾಂಕ, ಕಾರಣ, ವಾರಸುದಾರರು.

ನಮ್ಮ ಮುತ್ತಜ್ಜಿಯ ಹೆಸರು ಸರಿಯಾಗಿ ಬರೆದಿದ್ದರು. ಅದನ್ನು ಮೊದಲು ನೋಡಿದೆ. ಆಮೇಲೆ ಕಾರಣದ ಕಾಲಮ್ಮಿಗೆ ಬೆರಳು ತಂದೆ. 'ಎಂ.ಟಿ. ಮಲೇರಿಯಾ' ಅಂತ ಇತ್ತು.

ಬೆರಳು ಅಲ್ಲೇ ಇತ್ತು. ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ. ನನಗೆ ನಿರಾಸೆ ಆಯಿತು. ಸೊಳ್ಳೆ ಕಚ್ಚಿ ಸತ್ತರಾ? ಇಷ್ಟು ದೂರ ಹೋಗಿ, ನಾಲ್ಕು ವರ್ಷ ಕುದುರೆ ಮೇಲೆ ಇದ್ದು, ಕೊನೆಗೆ ಚಳಿಜ್ವರವಾ? ಮಗಳ ಶಾಲೆಯಲ್ಲಿ ಹೇಳಿದ ಮಾತು ನೆನಪಾಯಿತು. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಯಾರಿಗೂ ಫೋನ್ ಮಾಡಲಿಲ್ಲ.

ಎಂ.ಟಿ. ಅಂದರೇನು ಅಂತ ಡಾಕ್ಟರಾದ ಗೆಳೆಯನನ್ನು ಕೇಳಿದೆ. ಮಲೇರಿಯಾದಲ್ಲೇ ಅತಿ ಕೆಟ್ಟದ್ದಕ್ಕೆ ಆ ಕಾಲದ ಡಾಕ್ಟರುಗಳು ಬರೆಯುತ್ತಿದ್ದ ಎರಡಕ್ಷರ ಅದು, ಮಲಿಗ್ನಂಟ್ ಟರ್ಷಿಯನ್. ಈಗ ಫಾಲ್ಸಿಪೇರಮ್ ಅನ್ನುತ್ತಾರೆ. ಹೆಸರಿಗೆ ದಿನ ಬಿಟ್ಟು ದಿನ ಬರುವ ಜ್ವರ, ಆದರೆ ಇದು ಹಾಗೆ ಲೆಕ್ಕ ಇಟ್ಟು ಬರುವುದಿಲ್ಲ. ಮಿದುಳಿಗೆ ಏರಿದರೆ ಒಂದೆರಡು ದಿನದಲ್ಲಿ ಕಥೆ ಮುಗಿಯುತ್ತದೆ. ಸೊಳ್ಳೆ ಕಚ್ಚಿ ಎಷ್ಟು ದಿನಕ್ಕೆ ಜ್ವರ ಬರುತ್ತದೆ ಅಂತ ಕೇಳಿದೆ. ಹತ್ತರಿಂದ ಹದಿನಾಲ್ಕು ದಿನ ಅಂದ.

ಮನೆಗೆ ಬಂದು ಕ್ಯಾಲೆಂಡರ್ ಇಟ್ಟುಕೊಂಡು ಎಣಿಸಿದೆ. ಎಣಿಸಿದ ಮೇಲೆ ನನ್ನ ನಿರಾಸೆಗೆ ಅರ್ಥವೇ ಇರಲಿಲ್ಲ.

1918ರ ಬೇಸಗೆಯಲ್ಲಿ ಆ ಪಡೆಯನ್ನು ಜೋರ್ಡಾನ್ ಕಣಿವೆಯಲ್ಲಿ ಇಟ್ಟಿದ್ದರು. ಸಮುದ್ರಮಟ್ಟಕ್ಕಿಂತ 300 ಮೀಟರಿಗೂ ಕೆಳಗಿನ ಜಾಗ. ಬೆಂಕಿಯಂಥ ಬಿಸಿಲು, ಧೂಳು, ಜೌಗು. ಜುಲೈ 14ರಂದು ಅಲ್ಲೇ ಒಂದು ಕಾಳಗದಲ್ಲಿ ಮೈಸೂರು, ಜೋಧಪುರದ ಸವಾರರು ಈಟಿ ಹಿಡಿದು ನುಗ್ಗಿದ್ದರು. ಮಲೇರಿಯಾ ಹರಡುವುದು ಸೊಳ್ಳೆಯಿಂದ ಅಂತ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ 1897ರಲ್ಲೇ ಕಂಡುಹಿಡಿದಿದ್ದ. ಹಾಗಾಗಿ ಸೈನ್ಯಕ್ಕೆ ಅದು ಗೊತ್ತಿತ್ತು. ತಮ್ಮ ಕಡೆಯ ಜೌಗನ್ನೆಲ್ಲ ಬತ್ತಿಸಿದ್ದರು, ತೊರೆಗಳಿಗೆ ಕಾಲುವೆ ತೋಡಿದ್ದರು, ನಿಂತ ನೀರಿಗೆ ಎಣ್ಣೆ ಹಾಕಿದ್ದರು. ಎದುರಾಳಿಗಳ ಕಡೆ ಅಂಥದ್ದೇನೂ ಆಗಿರಲಿಲ್ಲ. ಸೆಪ್ಟೆಂಬರ್ 19ಕ್ಕೆ ದೊಡ್ಡ ದಾಳಿ ಶುರುವಾಯಿತು. ಕುದುರೆ ಪಡೆ ಗೆರೆ ದಾಟಿ ಒಳಗೆ ಹೋಯಿತು. ಅಂದರೆ ಸ್ವಚ್ಛ ಮಾಡಿದ ನೆಲ ಬಿಟ್ಟು ಸೊಳ್ಳೆಯ ನೆಲಕ್ಕೆ ಕಾಲಿಟ್ಟರು. ರಾತ್ರಿ ಮಲಗಿದ್ದು ಬಯಲಲ್ಲಿ. ನಾಲ್ಕು ದಿನಕ್ಕೆ ಹೈಫಾ. ಆ ಊರಿನ ಬಳಿ ಕಿಶೋನ್ ಅಂತ ಒಂದು ನದಿ. ಅದರ ದಂಡೆಯ ಕೆಸರಿಗೆ ಹೆದರಿಯೇ ಸವಾರರು ದಾರಿ ಬದಲಿಸಬೇಕಾಯಿತು. ಆ ಕೆಸರು ಇವರಿಗೆ ಬೇರೆ ರೀತಿಯಲ್ಲೂ ಶತ್ರು ಆಗಿತ್ತು ಅಂತ ಯಾರು ಹೇಳಬೇಕು?

19ಕ್ಕೆ ಹದಿನಾಲ್ಕು ಸೇರಿಸಿದರೆ ಅಕ್ಟೋಬರ್ 3. ಹೈಫಾದ 23ಕ್ಕೆ ಹದಿನಾಲ್ಕು ಸೇರಿಸಿದರೆ ಅಕ್ಟೋಬರ್ 7. ಎರಡನೇ ವಾರದಲ್ಲಿ ಇವರು ಇಲ್ಲ.

ಆ ಅಕ್ಟೋಬರಿನಲ್ಲಿ ಇವರೊಬ್ಬರೇ ಅಲ್ಲ. ಡಮಾಸ್ಕಸ್ ಗೆದ್ದ ಸೈನ್ಯ ಗೆದ್ದ ವಾರದಲ್ಲೇ ಮಲಗಿಬಿಟ್ಟಿತು. ಮಲೇರಿಯಾ ಜೊತೆಗೆ ಇನ್‌ಫ್ಲುಯೆಂಜಾ ಬೇರೆ. ಕುದುರೆಗಳಿಗೆ ನೀರು ಕುಡಿಸಲು ಜನ ಸಾಲದ ಸ್ಥಿತಿ. ಆ ಇಡೀ ರಂಗದಲ್ಲಿ ಆಸ್ಪತ್ರೆ ಸೇರಿದವರ ಪೈಕಿ ಗಾಯಗೊಂಡವರಿಗಿಂತ ಕಾಯಿಲೆಯವರೇ ಜಾಸ್ತಿ. ಕಮಿಷನ್ನಿನ ಪಟ್ಟಿಯನ್ನು ಮತ್ತೆ ತೆಗೆದು ನೋಡಿದೆ. ಮೊದಲು ಹೆಸರು ಹುಡುಕುವ ಗಡಿಬಿಡಿಯಲ್ಲಿ ದಿನಾಂಕ ಗಮನಿಸಿರಲಿಲ್ಲ. ಅಕ್ಟೋಬರ್, ನವೆಂಬರ್, ಮತ್ತೆ ಅಕ್ಟೋಬರ್. ಕಾಳಗ ಇಲ್ಲದ ದಿನಗಳಲ್ಲಿ ಸತ್ತವರು. ತುರ್ಕಿಯ ಜೊತೆ ಕದನವಿರಾಮ ಆದದ್ದು ಅಕ್ಟೋಬರ್ 31ಕ್ಕೆ. ಅದಾದ ಮೇಲೂ ಹೆಸರುಗಳಿವೆ.

ಇನ್ನೊಂದು ವಿಷಯವೂ ಅವತ್ತೇ ತಿಳಿಯಿತು. ಕಮಿಷನ್ ತನ್ನ ಪಟ್ಟಿಗೆ ತೆಗೆದುಕೊಳ್ಳುವುದು 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ ಸೇವೆಯಲ್ಲಿದ್ದು ಸತ್ತವರನ್ನೆಲ್ಲ. ಗುಂಡು ತಗುಲಿ ಸತ್ತರೂ ಒಂದೇ, ಜ್ವರ ಬಂದು ಸತ್ತರೂ ಒಂದೇ. ನಿಯಮ ಅಷ್ಟು ಸರಿಯಾಗಿದೆ. ಹಾಗಂತ ಎಲ್ಲರ ಹೆಸರೂ ಸೇರಲಿಲ್ಲ. 2021ರಲ್ಲಿ ಆ ಕಮಿಷನ್ನೇ ಒಪ್ಪಿಕೊಂಡಿದೆ, ಕಡಿಮೆ ಅಂದರೂ 1,16,000 ಜನರಿಗೆ, ಹೆಚ್ಚಿನವರು ಆಫ್ರಿಕಾ ಮತ್ತು ಮಧ್ಯಪ್ರಾಚ್ಯದ ಕಡೆಯವರು, ಹೆಸರಿನ ಗುರುತು ಇಲ್ಲ ಅಂತ. ನಮ್ಮವರಿಗೆ ಕಾಗುಣಿತ ತಪ್ಪಿದರೂ ಒಂದು ಹೆಸರು ಸಿಕ್ಕಿತು. ಫಲಕ ಬಂತು. ಆ 1,16,000 ಮನೆಗಳಲ್ಲಿ ತೊಳೆದು ನೋಡಲು ಏನೂ ಇಲ್ಲವಲ್ಲ.

ಸೆಪ್ಟೆಂಬರ್ 23ಕ್ಕೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಹತ್ತಿರ ಹೈಫಾ ದಿನ ಆಚರಿಸುತ್ತಾರೆ. ಕಾರಣ ತಿಳಿದ ವರ್ಷ ನಾನೂ ಹೋದೆ. ಹೂಗುಚ್ಛ, ಸೆಲ್ಯೂಟ್. ಈಟಿಗಳ ಮಾತು, ಕುದುರೆಗಳ ಮಾತು. ಎಲ್ಲವೂ ಸರಿಯೇ, ಆ ಧೈರ್ಯ ಸುಳ್ಳಲ್ಲ. ದಂಡಿನಜ್ಜನೂ ಅವತ್ತು ಆ ಕುದುರೆಗಳ ನಡುವೆ ಇದ್ದಿರಬಹುದು. ಆದರೆ ಎರಡು ವಾರದ ಮೇಲೆ ಟೆಂಟಿನಲ್ಲಿ ನಡುಗುತ್ತಾ ಮಲಗಿದವರ ಮಾತು ಬರಲೇ ಇಲ್ಲ. ಎಲ್ಲರೂ ಹೋದ ಮೇಲೆ ಕಂಬದ ಹತ್ತಿರ ಹೋಗಿ, ತಂದಿದ್ದ ಸೇವಂತಿಗೆ ಇಟ್ಟು, ಅವರ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಅಪ್ಪನ ಹೆಸರನ್ನು ಹಾಗೆ ಕೂಗಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಉಳಿದದ್ದು ದೊಡ್ಡತ್ತೆಗೆ ಹೇಳುವುದು. ಅಪ್ಪನ ಅಕ್ಕ, 86 ವರ್ಷ, ಮಾಲೂರಿನಲ್ಲಿ ಮಗಳ ಮನೆಯಲ್ಲಿ ಇದ್ದಾರೆ. ಮುತ್ತಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದವರು. ಅವರಿಗೆ ಹೇಳಬೇಕೋ ಬೇಡವೋ ಅಂತ ಅಪ್ಪನಿಗೂ ನನಗೂ ಎರಡು ವಾರ ಚರ್ಚೆ. ಈ ವಯಸ್ಸಿನಲ್ಲಿ ಯಾಕೆ ಸುಮ್ನೆ ಅಂತ ಅಪ್ಪ. ಈಟಿ ಹಿಡಿದು ಸತ್ತ ಅಜ್ಜನ ಕಥೆ ಕೇಳಿಕೊಂಡು ಬೆಳೆದ ಜೀವ. ಕೊನೆಗೆ ಹೇಳುವುದೇ ಸರಿ ಅನ್ನಿಸಿತು. ಕಡತದ ಆ ಪುಟದ ಪ್ರತಿ ಹಿಡಿದುಕೊಂಡು ಇಬ್ಬರೂ ಹೋದೆವು.

ಅತ್ತೆ ಅವರೆಕಾಳು ಬಿಡಿಸುತ್ತಾ ಕೂತಿದ್ದರು. ನಾನು ಸುತ್ತಿ ಬಳಸಿ, ಜೋರ್ಡಾನು, ಸೊಳ್ಳೆ, ಜೌಗು ಎಲ್ಲ ಹೇಳಿ, ಆಮೇಲೆ ಮೆಲ್ಲಗೆ ಅಂದೆ, "ಅತ್ತೆ, ದಂಡಿನಜ್ಜ ಗುಂಡು ಬಿದ್ದು ಸತ್ತಿದ್ದಲ್ಲ. ಚಳಿಜ್ವರ ಬಂದು ತೀರಿಕೊಂಡಿದ್ದು."

ಅತ್ತೆ ತಲೆ ಎತ್ತಲಿಲ್ಲ. "ಅದಕ್ಕೇ ಅಲ್ವೇನೋ ಕಂಬಳಿ ಇಡೋದು" ಅಂದರು.

ಅಪ್ಪ ನನ್ನ ಮುಖ ನೋಡಿದರು. ನಾನು ಅಪ್ಪನ ಮುಖ ನೋಡಿದೆ.

ಲ್ಯಾನ್ಸರ್ಸ್ ಬೆಂಗಳೂರಿಗೆ ವಾಪಸ್ ಬಂದ ಮೇಲೆ ಅವರ ಜೊತೆಗಾರ ಸವಾರನೊಬ್ಬ ಹಳ್ಳಿ ಹುಡುಕಿಕೊಂಡು ಬಂದಿದ್ದನಂತೆ. ಮುತ್ತಜ್ಜಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳಂತೆ. ಅವನು ಹೇಳಿದ್ದು ಇಷ್ಟು. ಮಧ್ಯಾಹ್ನ ಕುದುರೆಗೆ ಮಾಲೀಸು ಮಾಡುತ್ತಾ ಇದ್ದವನು ಚಳಿ ಅಂತ ಕೂತ. ಎರಡು ಕಂಬಳಿ ಹೊದಿಸಿದೆವು. ಇನ್ನೊಂದು ಹೊದಿಸಿ ಅಂದ. ನನ್ನದೂ ಹೊದಿಸಿದೆ. ಬಿಸಿಯಾಗಿ ಕಷಾಯ ಬೇಕು ಅಂದ, ಊರಲ್ಲಿ ಅವ್ವ ಮಾಡೋ ಥರದ್ದು ಅಂದ. ಅಲ್ಲಿ ಮೆಣಸು ಎಲ್ಲಿ ತರಲಿ? ಟೀ ಕಾಯಿಸಿ ತಂದೆ. ತರುವ ಹೊತ್ತಿಗೆ ಅವನಿಗೆ ಎಚ್ಚರ ಇರಲಿಲ್ಲ.

"ಅವ್ವಾರು ಅದನ್ನ ಒಂದೇ ಸಲ ಹೇಳಿದ್ದು ನಂಗೆ" ಅಂದರು ಅತ್ತೆ. "ನಂಗೆ ಚಳಿಜ್ವರ ಬಂದಾಗ. ರಾತ್ರಿಯೆಲ್ಲ ಎದ್ದು ಕೂತಿದ್ರು. ಘಳಿಗೆಗೊಂದು ಸಲ ಕಷಾಯ."

ಹಾಗಾದರೆ ಗುಂಡಿನ ಕಥೆ ಎಲ್ಲಿಂದ ಬಂತು ಅಂತ ಅಪ್ಪ ಕೇಳಿದರು. ಅದು ತಾತ ಕಟ್ಟಿದ್ದಂತೆ. ಅಪ್ಪನ ಮುಖ ನೋಡದ ಹುಡುಗ. ಶಾಲೆಯಲ್ಲಿ ನಿಮ್ಮಪ್ಪ ಹೇಗೆ ಸತ್ತ ಅಂತ ಹುಡುಗರು ಕೇಳಿದಾಗ ಈಟಿ, ಕುದುರೆ, ಗುಂಡು ಅಂದ. ಮನೆಗೆ ಬಂದು ತಾಯಿಗೂ ಅದನ್ನೇ ಹೇಳಿದ. ಮುತ್ತಜ್ಜಿ ಇಲ್ಲ ಅನ್ನಲಿಲ್ಲ. ಮಗನ ಕಥೆ ಮಗನಿಗೆ ಬಿಟ್ಟಳು. ವರ್ಷಕ್ಕೊಂದು ಸಲ ಎಲೆ ಪಕ್ಕ ಕಂಬಳಿ, ಕಷಾಯ ಇಟ್ಟಳು. ಹೆಸರು ಹೇಳುವ ಹಾಗಿರಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಇಡುವುದನ್ನು ಮಾತ್ರ ಬಿಡಲಿಲ್ಲ. ಅವಳು ಹೋದ ಮೇಲೆ ಅರ್ಥ ಗೊತ್ತಿಲ್ಲದ ನಾವೂ ಬಿಡಲಿಲ್ಲ.

ಶಾಲೆಯಲ್ಲಿ ನಾನು ಹೇಳಿದ್ದೂ ಅದೇ ಮೂರು ಮಾತು ಅಂತ ಅತ್ತೆಯ ಮುಂದೆ ಹೇಳಿಕೊಂಡೆ. ಅತ್ತೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ನನ್ನ ತಲೆ ಸವರಿದರು.

ಈಗ ದಿನಾಂಕ ಗೊತ್ತಾಗಿದೆಯಲ್ಲ, ತಿಥಿ ನೋಡಿಸಿ ಆ ದಿನವೇ ಮಾಡೋಣ ಅಂದರು ಅಪ್ಪ. 1918ರ ಮಹಾಲಯ ಅಮಾವಾಸ್ಯೆ ಬಂದದ್ದು ಅಕ್ಟೋಬರ್ ಮೊದಲ ವಾರದಲ್ಲಿ. ಅಂದರೆ ಇವರು ಹೋದದ್ದು ನವರಾತ್ರಿಯಲ್ಲಿ. ಊರಲ್ಲಿ ಹಿಂದಿನ ವಾರವಷ್ಟೇ ಪಕ್ಷ ಮುಗಿಸಿ, ಹಿರಿಯರಿಗೆ ಎಡೆ ಇಟ್ಟು ಎತ್ತಿದ್ದಾರೆ. ಇವರ ಹೆಸರಿಗೆ ಎಲೆ ಹಾಕುವ ಕಾಲ ಬಂದಿದೆ ಅಂತ ಯಾರಿಗೂ ಗೊತ್ತಿಲ್ಲ. ಆ ತಿಂಗಳು ಇಡೀ ದೇಶಕ್ಕೇ ಇನ್‌ಫ್ಲುಯೆಂಜಾ ಬಡಿದಿತ್ತು, ಕೋಟಿಗೂ ಮೀರಿ ಜನ ಸತ್ತರು. ನಮ್ಮ ಹಳ್ಳಿಯಲ್ಲೂ ಮನೆ ಮನೆಗೂ ಸೂತಕ. ಕಷಾಯ ಮಾಡುತ್ತಿದ್ದ ಆ ಅವ್ವನೂ, ಅಂದರೆ ದಂಡಿನಜ್ಜನ ತಾಯಿಯೂ, ಅದೇ ಜ್ವರದಲ್ಲಿ ಹೋದದ್ದಂತೆ. ಮಗನ ಸುದ್ದಿ ಬರುವ ಹೊತ್ತಿಗೆ ಕೇಳಲು ಅವರಿರಲಿಲ್ಲ.

ದೊಡ್ಡತ್ತೆ ತಿಥಿ ಬದಲಿಸುವುದು ಬೇಡ ಅಂದರು. "ಅಮಾವಾಸ್ಯೆನೇ ಇರಲಿ. ಅವತ್ತು ಎಲ್ರೂ ಬರ್ತಾರೆ. ಅವ್ರ ಅವ್ವನೂ ಬರ್ತಾರೆ. ಒಬ್ರೇ ಯಾಕೆ ಬರ್ಬೇಕು?"

ಈ ಸಲದ ಪಕ್ಷಕ್ಕೆ ಅತ್ತೆಯನ್ನು ಊರಿಗೆ ಕರೆದುಕೊಂಡು ಬಂದೆವು. ಬಿಲ್ಲೆ ಮತ್ತೆ ದೇವರಗೂಡಿಗೆ ಹೋಗಿದೆ. ಬ್ರಿಟಾನಿಯಾ ಅಂತ ಗೊತ್ತಾದ ಮೇಲೂ ಅದು ದಂಡಿನಮ್ಮನೇ. ಕುಂಕುಮ ಇಡುತ್ತೇವೆ, ಹೆಸರಿನ ಚೌಕಕ್ಕೆ ಮಾತ್ರ ತಾಗದ ಹಾಗೆ ಇಡುತ್ತೇವೆ. ಹಿಂದೆ ಒಂದು ಚೀಟಿ ಸೇರಿಸಿದ್ದೇನೆ. ಹೆಸರು, ಪಡೆ, ದಿನಾಂಕ, ಕೈರೋದ ಸ್ಮಾರಕ, ಚಳಿಜ್ವರ. ಮುಂದೆ ಯಾರಾದರೂ ತೊಳೆದಾಗ ಸಿಗಲಿ.

ಎಲೆಗಳನ್ನು ಸಾಲಾಗಿ ಹಾಕಿದೆವು. ದಂಡಿನಜ್ಜನ ಎಲೆಯನ್ನು ಕೊನೆಯಿಂದ ತೆಗೆದು ಅವರ ತಾಯಿಯ ಎಲೆಯ ಪಕ್ಕ ಹಾಕಿದರು ಅತ್ತೆ. ಕಂಬಳಿ ತಂದುಕೊಟ್ಟೆ. ಯಾವಾಗಲೂ ಮಡಿಸಿಯೇ ಇಡುತ್ತಿದ್ದೆವು. ಅತ್ತೆ ಅದರ ಮಡಿಕೆ ಬಿಚ್ಚಿ, ಕೊಡವಿ, ಹೊದೆಯಲು ಅನುಕೂಲವಾಗುವ ಹಾಗೆ ಇಟ್ಟರು. ಅಡುಗೆಮನೆಯಿಂದ ಮಗಳು ಕಷಾಯದ ಲೋಟ ಹಿಡಿದುಕೊಂಡು ಬಂದಳು. ಸೆರಗಿನ ತುದಿ ಇಲ್ಲದ್ದಕ್ಕೆ ದುಪಟ್ಟಾದಲ್ಲಿ ಹಿಡಿದಿದ್ದಳು, ಅಷ್ಟು ಬಿಸಿ.

"ಬೆಲ್ಲ ಹಾಕಿದ್ದೀರಾ ಅಜ್ಜಿ?" ಅಂತ ಕೇಳಿದಳು.

"ಹಾಕಿದೀನಿ ಕಣೆ" ಅಂದರು ಅತ್ತೆ. "ಜಾಸ್ತಿನೇ ಹಾಕಿದೀನಿ."